ಸಂಬಳ ಏರುವುದು ಹೇಗೆ, ಕೆಲಸ ಬಿಡುವುದು ಯಾವಾಗ?

ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ಕ್ಯಾಂಟೀನಿನಲ್ಲಿ ಎರಡೇ ಪ್ರಶ್ನೆ. "ಎಷ್ಟು ಪ್ಯಾಕೇಜ್?" ಅನ್ನೋದು ಮೊದಲನೆಯದು. "ಎಷ್ಟು ವರ್ಷ ಇದ್ದು ಬಿಡ್ತೀಯ?" ಅನ್ನೋದು ಎರಡನೆಯದು. ಇನ್ನೂ ಸೇರದ ಕೆಲಸವನ್ನು ಬಿಡುವ ಲೆಕ್ಕ ಹಾಕೋದು ತಮಾಷೆ ಅನ್ನಿಸಬಹುದು. ಆದರೆ ಪ್ರಶ್ನೆ ತುಂಬಾ ಸರಿಯಾಗಿದೆ. ತೊಂದರೆ ಏನೆಂದರೆ, ಅದಕ್ಕೆ ನಮಗೆ ಸಿಗುವ ಉತ್ತರಗಳೆಲ್ಲ ಯಾರೋ ಸೀನಿಯರ್ ಹೇಳಿದ ಒಂದು ಶೇಕಡಾ ಸಂಖ್ಯೆ. "ಅವನಿಗೆ ನೂರು ಪರ್ಸೆಂಟ್ ಹೈಕ್ ಆಯ್ತಂತೆ." ಯಾವಾಗ, ಯಾವುದರ ಮೇಲೆ, ಕೈಗೆ ಎಷ್ಟು ಬಂತು ಅಂತ ಯಾರೂ ಕೇಳೋದಿಲ್ಲ.

ಈ ಲೇಖನದಲ್ಲಿ ನಾವು ಪೆನ್ನು ಕಾಗದ ಹಿಡಿದು ಆ ಎರಡನೇ ಪ್ರಶ್ನೆಗೆ ಕೂತಿದ್ದೇವೆ. ನಮ್ಮಲ್ಲಿ ಬಹಳ ಜನ ದಿನಾ ಓಡಾಡುವ ಟ್ರಿನಿಟಿ, ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್. ಪುರದ ದಾರಿಯಲ್ಲೇ ಇದಕ್ಕೆ ಬೇಕಾದ ಪಾಠಗಳೆಲ್ಲ ಇವೆ. ಮೆಟ್ರೋ ಕಿಟಕಿಯಿಂದ ನೋಡಿದರೆ ಕಾಣುವಷ್ಟು ಹತ್ತಿರ.

ದೂರವಾಣಿ ನಗರದ ಲೆಕ್ಕ

ಕೆ.ಆರ್. ಪುರದ ಪಕ್ಕದ ದೂರವಾಣಿ ನಗರಕ್ಕೆ ಆ ಹೆಸರು ಬಂದದ್ದು 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಇಂದ. ಇತ್ತ ಹಳೇ ಏರ್‌ಪೋರ್ಟ್ ರಸ್ತೆ ಕಡೆ 1940ರಿಂದ ಎಚ್‌ಎಎಲ್. ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಹಯೋಗದಲ್ಲಿ 1956ರಲ್ಲಿ ಹುಟ್ಟಿದ ಎನ್‌ಜಿಇಎಫ್. ನಮ್ಮ ತಾತಂದಿರ ಕಾಲಕ್ಕೆ ಪೂರ್ವ ಬೆಂಗಳೂರಿನಲ್ಲಿ "ಕೆಲಸ ಸಿಕ್ತು" ಅಂದರೆ ಇಂಥ ಒಂದು ಗೇಟಿನ ಒಳಗೆ ಹೋದ ಹಾಗೆ. ಒಳಗೆ ಹೋದವರು ಹೊರಗೆ ಬರುತ್ತಿದ್ದದ್ದು ರಿಟೈರ್ ಆದ ದಿನ, ಕೊರಳಿಗೆ ಹಾರ ಹಾಕಿಸಿಕೊಂಡು.

ಅಲ್ಲಿ ಸಂಬಳ ಏರುತ್ತಿದ್ದ ರೀತಿಯನ್ನು ಸ್ವಲ್ಪ ಗಮನಿಸಿ. ಪ್ರತಿ ದರ್ಜೆಗೂ ಒಂದು ವೇತನ ಶ್ರೇಣಿ. ವರ್ಷಕ್ಕೊಂದು ಇನ್‌ಕ್ರಿಮೆಂಟ್. ಅದರ ಮೇಲೆ ತುಟ್ಟಿಭತ್ಯೆ, ಅಂದರೆ ಡಿಎ. ಬೆಲೆ ಏರಿದರೆ ಡಿಎ ತಾನಾಗಿ ಏರುತ್ತೆ, ಯಾರನ್ನೂ ಕೇಳಬೇಕಾಗಿಲ್ಲ. ಕ್ವಾರ್ಟರ್ಸ್, ಆಸ್ಪತ್ರೆ, ಸ್ಕೂಲು, ಫ್ಯಾಕ್ಟರಿ ಬಸ್ಸು ಎಲ್ಲ ಸಂಬಳದ ಜೊತೆಗೇ ಬರುತ್ತಿದ್ದವು. ಶ್ರೇಣಿಯೇ ಸಾಲದು ಅನ್ನಿಸಿದಾಗ ಕೆಲಸಗಾರರು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗಲಿಲ್ಲ. ಎಲ್ಲರೂ ಸೇರಿ ಕೇಳಿದರು. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ಲಕ್ಷಕ್ಕೂ ಮೀರಿದ ಜನ. ಮುಖ್ಯ ಬೇಡಿಕೆ ಏನು ಗೊತ್ತಾ? ಬಿಎಚ್‌ಇಎಲ್‌ನಲ್ಲಿ ಕೊಡುವಷ್ಟು ಸಂಬಳ ನಮಗೂ ಕೊಡಿ ಅನ್ನೋದು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ "ಮಾರ್ಕೆಟ್ ರೇಟ್ ಕೊಡಿ" ಅಂತ.

ಇದನ್ನೆಲ್ಲ ಹಳೆಯ ಸುವರ್ಣಯುಗ ಅಂತ ನೆನೆಸಿಕೊಂಡು ಅಳುವುದಕ್ಕೆ ಬರೆಯುತ್ತಿಲ್ಲ. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಉದಾರೀಕರಣದ ನಂತರ ಐಟಿಐ ವರ್ಷಗಟ್ಟಲೆ ನಷ್ಟದಲ್ಲಿ ಉಳಿಯಿತು. ಗೇಟಿನ ಒಳಗಿದ್ದೂ ಭದ್ರತೆ ಇಲ್ಲದ ದಿನಗಳನ್ನು ಆ ಮನೆಗಳು ಕಂಡಿವೆ. ನಾವು ಹೇಳಹೊರಟಿದ್ದು ಬೇರೆ. ಸಾರ್ವಜನಿಕ ಉದ್ದಿಮೆಯಲ್ಲಿ ಈಗಲೂ ಸೇರುವ ಇಂಜಿನಿಯರ್‌ಗೆ ಈ ಎರಡು ಬೇರೆ ಬೇರೆ ಸಾಲುಗಳು ಇವೆ: 2017ರ ಪರಿಷ್ಕರಣೆಯ ಪ್ರಕಾರ ಅಧಿಕಾರಿಗಳ ಇ-1 ಶ್ರೇಣಿ 40,000ದಿಂದ 1,40,000, ವರ್ಷಕ್ಕೆ ಶೇ. 3 ಇನ್‌ಕ್ರಿಮೆಂಟ್. ಮೂರು ತಿಂಗಳಿಗೊಮ್ಮೆ ಬದಲಾಗುವ ಡಿಎ ಪ್ರತ್ಯೇಕ. ಖಾಸಗಿ ಕಂಪನಿಯ ಆಫರ್ ಲೆಟರ್‌ನಲ್ಲಿ ಡಿಎ ಅನ್ನುವ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಕೊಡುವ "ಶೇ. 8 ಹೈಕ್" ಒಳಗೇ ನಿಮ್ಮ ಡಿಎ ಸೇರಿಕೊಂಡಿದೆ. ಶೇ. 5 ಬೆಲೆ ಏರಿದ್ದರೆ ನಿಮಗೆ ನಿಜವಾಗಿ ಸಿಕ್ಕಿದ್ದು ಸುಮಾರು ಶೇ. 3. ಎಚ್‌ಎಎಲ್ ಇನ್‌ಕ್ರಿಮೆಂಟಿನಷ್ಟೇ!

ಹತ್ತು ವರ್ಷ ಕದಲದ ಸಂಖ್ಯೆ

ದೊಡ್ಡ ಐಟಿ ಸರ್ವಿಸ್ ಕಂಪನಿಗಳು 2010ರ ದಶಕದ ಆರಂಭದಲ್ಲಿ ಫ್ರೆಶರ್‌ಗೆ ಕೊಡುತ್ತಿದ್ದದ್ದು ವರ್ಷಕ್ಕೆ ಮೂರು, ಮೂರೂಕಾಲು ಲಕ್ಷದ ಆಸುಪಾಸು. ಈಗಲೂ ಸಾಮಾನ್ಯ ಹುದ್ದೆಗೆ ಮೂರೂವರೆ ಲಕ್ಷದ ಆಸುಪಾಸೇ. ಈ ನಡುವೆ 2012ನ್ನು 100 ಎಂದಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕ 2024ರಲ್ಲಿ 190 ದಾಟಿತ್ತು. ಅಂದರೆ 2012ರ ಮೂರೂಕಾಲು ಲಕ್ಷಕ್ಕೆ ಸಮನಾಗಬೇಕಾದರೆ ಆರು ಲಕ್ಷ ಬೇಕಿತ್ತು. ಇದು ನಮ್ಮ ಬ್ಯಾಚಿನ ದುರದೃಷ್ಟ ಮಾತ್ರ ಅಲ್ಲ. ಪ್ರತಿ ವರ್ಷ ಲಕ್ಷಗಟ್ಟಲೆ ಇಂಜಿನಿಯರ್‌ಗಳು ಹೊರಬರುವಾಗ, ಯಾರನ್ನು ತೆಗೆದುಕೊಂಡರೂ ಆರು ತಿಂಗಳು ಕಲಿಸಲೇಬೇಕು ಅನ್ನುವಾಗ, ಕಂಪನಿಗೆ ರೇಟ್ ಏರಿಸುವ ಒತ್ತಡ ಇಲ್ಲ.

ಎರಡು ಮೂರು ವರ್ಷ ಕೆಲಸ ಮಾಡಿದವರ ಕಥೆ ಬೇರೆ. ಅಂಥವರು ಕಡಿಮೆ, ಕೇಳುವವರು ಜಾಸ್ತಿ. ಇನ್ನೊಂದು ಕಾರಣವೂ ಇದೆ, ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತೆ. ಒಳಗಿರುವವರಿಗೆ ಹೈಕ್ ಕೊಡುವಾಗ ಮ್ಯಾನೇಜರ್ ಕೈಯಲ್ಲಿರೋದು ಟೀಮಿನ ಒಟ್ಟು ಸಂಬಳದ ಮೇಲೆ ಇಂತಿಷ್ಟು ಶೇಕಡಾ ಅನ್ನುವ ಬಜೆಟ್. ನಿಮಗೆ ಹದಿನೈದು ಕೊಟ್ಟರೆ ಇನ್ನೊಬ್ಬರಿಗೆ ಎರಡು ಕೊಡಬೇಕು. ಹೊರಗಿನಿಂದ ಜನ ತೆಗೆದುಕೊಳ್ಳುವಾಗ ಬಜೆಟ್ ಬರುವುದು ಆ ಹುದ್ದೆಯ ಹೆಸರಿನಲ್ಲಿ. ಅದೇ ಮ್ಯಾನೇಜರ್, ಅದೇ ಕಂಪನಿ, ಆದರೆ ದುಡ್ಡು ಬರುವ ಡಬ್ಬಿ ಬೇರೆ. ಹಾಗಾಗಿ "ಇಷ್ಟು ನಿಯತ್ತಾಗಿ ದುಡಿದೆ, ಹೊಸಬನಿಗೆ ನನಗಿಂತ ಜಾಸ್ತಿ ಕೊಟ್ಟರು" ಅನ್ನೋದರಲ್ಲಿ ಯಾರ ದ್ವೇಷವೂ ಇರಬೇಕಾಗಿಲ್ಲ. ವ್ಯವಸ್ಥೆ ಇರೋದೇ ಹಾಗೆ.

ಇಬ್ಬರು ಕ್ಲಾಸ್‌ಮೇಟ್ಸ್

ಈಗ ಲೆಕ್ಕಕ್ಕೆ ಬರೋಣ. ಒಂದೇ ಬೆಂಚಿನ ಇಬ್ಬರು, ಇಬ್ಬರಿಗೂ 3,60,000 ಪ್ಯಾಕೇಜ್ ಅಂದುಕೊಳ್ಳಿ. ವರ್ಷಕ್ಕೆ ಶೇ. 8 ಹೈಕ್. ಮೊದಲನೆಯವಳು ಐದು ವರ್ಷ ಅಲ್ಲೇ ಇರುತ್ತಾಳೆ. ಅವಳ ಸಂಬಳ 3.60, 3.89, 4.20, 4.54, 4.90 ಲಕ್ಷ, ಹೀಗೆ ಏರಿ, ಆರನೇ ವರ್ಷ ಶುರುವಾಗುವಾಗ 5.29 ಆಗುತ್ತೆ. ಚೆನ್ನಾಗಿ ಕಾಣುತ್ತೆ. ಆದರೆ ಬೆಲೆ ವರ್ಷಕ್ಕೆ ಶೇ. 5 ಏರಿದರೆ ಆ 5.29ಕ್ಕೆ ಸೇರಿದ ದಿನದ ರೂಪಾಯಿಯಲ್ಲಿ ಬೆಲೆ ಸುಮಾರು 4.15 ಲಕ್ಷ. ಐದು ವರ್ಷದ ದುಡಿಮೆಗೆ ನಿಜವಾಗಿ ಏರಿದ್ದು ವರ್ಷಕ್ಕೆ 55 ಸಾವಿರ.

ಎರಡನೆಯವಳು ಎರಡು ವರ್ಷ ಮುಗಿಸಿ, ಎರಡನೇ ಹೈಕ್ ಬಂದ ಮೇಲೆ, 4.20ರ ಮೇಲೆ ಶೇ. 40 ಜಾಸ್ತಿಗೆ ಬೇರೆ ಕಂಪನಿ ಸೇರುತ್ತಾಳೆ. ಮೂರನೇ ವರ್ಷ 5.88, ಆಮೇಲೆ ಅದೇ ಶೇ. 8ರಂತೆ 6.35, 6.86. ಆ ಮೂರು ವರ್ಷಗಳಲ್ಲಿ ಮೊದಲನೆಯವಳಿಗಿಂತ ಒಟ್ಟು ಸುಮಾರು 5.45 ಲಕ್ಷ ಹೆಚ್ಚು. ಒಂದೇ ಒಂದು ಬದಲಾವಣೆಯಿಂದ. ಮುಂದಿನ ಪ್ರತಿ ಹೈಕೂ ದೊಡ್ಡ ಸಂಖ್ಯೆಯ ಮೇಲೆ ಬರುತ್ತೆ ಅನ್ನೋದು ಬೇರೆ.

ಮೊದಲನೆಯವಳಿಗೆ ಐದು ವರ್ಷ ಮುಗಿಸಿದ್ದಕ್ಕೆ ಗ್ರಾಚ್ಯುಟಿ ಸಿಗುತ್ತೆ ಅಲ್ವಾ ಅಂತ ಕೇಳಬಹುದು. ಸಿಗುತ್ತೆ. ಲೆಕ್ಕ ಹೀಗೆ: ಕೊನೆಯ ತಿಂಗಳ ಬೇಸಿಕ್ (ಡಿಎ ಇದ್ದರೆ ಅದೂ), ಗುಣಿಸು 15, ಭಾಗಿಸು 26, ಗುಣಿಸು ವರ್ಷಗಳು. 4.90 ಲಕ್ಷದಲ್ಲಿ ಅರ್ಧ ಬೇಸಿಕ್ ಎಂದರೆ ತಿಂಗಳಿಗೆ ಸುಮಾರು 20,400. ಗ್ರಾಚ್ಯುಟಿ ಸುಮಾರು 59 ಸಾವಿರ. ಐದೂವರೆ ಲಕ್ಷದ ಮುಂದೆ 59 ಸಾವಿರ. ಆದ್ದರಿಂದ ಎರಡನೇ ವರ್ಷದಲ್ಲಿ ನಿಂತು "ಗ್ರಾಚ್ಯುಟಿಗಾಗಿ ಇರ್ತೀನಿ" ಅನ್ನೋದು ಲೆಕ್ಕಕ್ಕೆ ನಿಲ್ಲೋದಿಲ್ಲ. ನಾಲ್ಕು ವರ್ಷ ಎಂಟು ತಿಂಗಳಲ್ಲಿ ನಿಂತು ಬಿಡುವವರು ಮಾತ್ರ ಕ್ಯಾಲೆಂಡರ್ ನೋಡಿಕೊಳ್ಳಿ.

ಇಷ್ಟು ನೋಡಿದ ಮೇಲೆ "ಎರಡು ವರ್ಷಕ್ಕೊಮ್ಮೆ ಬಿಡ್ತಾ ಇರೋದೇ ಸರಿ" ಅನ್ನಿಸುತ್ತೆ. ಸ್ವಲ್ಪ ತಡೀರಿ. ಮೇಲಿನ ಲೆಕ್ಕದಲ್ಲಿ ಶೇ. 40 ಅನ್ನೋದನ್ನು ನಾವೇ ಇಟ್ಟುಕೊಂಡಿದ್ದು. ಅದು ಪ್ರತಿ ವರ್ಷ ಸಿಗುವುದಿಲ್ಲ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಲ್ಲಿ ತಾವಾಗಿ ಕೆಲಸ ಬಿಟ್ಟವರ ಪ್ರಮಾಣ ಹಿಂದಿನ ಹನ್ನೆರಡು ತಿಂಗಳಿಗೆ ಶೇ. 28.4 ಇತ್ತು. ನೂರರಲ್ಲಿ ಇಪ್ಪತ್ತೆಂಟು ಜನ! ಸೀನಿಯರ್‌ಗಳ "ನೂರು ಪರ್ಸೆಂಟ್" ಕಥೆಗಳೆಲ್ಲ ಆ ಕಾಲದ್ದು. 2024ರ ಹೊತ್ತಿಗೆ ಅದೇ ಸಂಖ್ಯೆ ಶೇ. 13ರ ಆಸುಪಾಸಿಗೆ ಇಳಿಯಿತು. ಜನ ಕಂಪನಿಯನ್ನು ದಿಢೀರಂತ ಪ್ರೀತಿಸಲು ಶುರು ಮಾಡಿದ್ದರಿಂದ ಅಲ್ಲ, ಹೊರಗೆ ಆಫರ್ ಕಡಿಮೆಯಾದ್ದರಿಂದ. ಈ ಸಂಖ್ಯೆಯನ್ನು ದೊಡ್ಡ ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶದ ಜೊತೆ ಪ್ರಕಟಿಸುತ್ತವೆ. ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಇದನ್ನೂ ಒಮ್ಮೆ ನೋಡಿ. ಅದು ಏರುತ್ತಿದ್ದರೆ ಕೇಳುವ ಧೈರ್ಯ ಮಾಡಬಹುದು, ಇಳಿಯುತ್ತಿದ್ದರೆ ಕೈಯಲ್ಲಿರುವ ಕೆಲಸದ ಬೆಲೆ ಜಾಸ್ತಿ.

30,000 ಎಲ್ಲಿ ಹೋಯ್ತು?

ಪ್ಯಾಕೇಜ್ 3.60 ಲಕ್ಷ ಅಂದರೆ ತಿಂಗಳಿಗೆ 30,000. ಕೈಗೆ ಎಷ್ಟು ಬರುತ್ತೆ? ಬೇಸಿಕ್ 15,000, ವೇರಿಯಬಲ್ ಪೇ ತಿಂಗಳಿಗೆ 2,000 ಅಂತ ಇಟ್ಟುಕೊಳ್ಳೋಣ. ವೇರಿಯಬಲ್ ವರ್ಷದ ಕೊನೆಗೆ, ಅದೂ ಕಂಪನಿಯ ಮತ್ತು ನಿಮ್ಮ ರೇಟಿಂಗ್ ಮೇಲೆ. ಕಂಪನಿಯ ಪಾಲಿನ ಪಿಎಫ್ 1,800, ಅದೂ ನಿಮ್ಮ ಪ್ಯಾಕೇಜಿನ ಒಳಗೇ. ಗ್ರಾಚ್ಯುಟಿಗೆ ಅಂತ ಬೇಸಿಕ್‌ನ ಶೇ. 4.81, ಅಂದರೆ 721 ರೂಪಾಯಿ. ಉಳಿದದ್ದು 25,479. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 (ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ). ಕೈಗೆ 23,479.

ಆ 721 ರೂಪಾಯಿಯ ಸ್ವಭಾವ ಗಮನಿಸಿ. ಅದು ನಿಮ್ಮ ಸಂಬಳ ಅಂತ ತೋರಿಸಿದ ದುಡ್ಡು. ಕಾಯಂ ನೌಕರರು ಐದು ವರ್ಷಕ್ಕೆ ಮುಂಚೆ ಬಿಟ್ಟರೆ ಅದು ಸಿಗುವುದೇ ಇಲ್ಲ. (2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ಕಾಂಟ್ರ್ಯಾಕ್ಟ್ ಮೇಲೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅರ್ಹತೆ ಕೊಟ್ಟಿದ್ದಾರೆ. ಅಂಥ ಆಫರ್ ಬಂದರೆ ಈ ಸಾಲನ್ನು ಕೇಳಿ.) ಹೊಸ ಕಂಪನಿ "ಶೇ. 30 ಹೈಕ್" ಅಂದಾಗ ಹೋಲಿಸಬೇಕಾದ್ದು ಕೈಗೆ ಬರುವ ನಿಶ್ಚಿತ ಮೊತ್ತದ ಜೊತೆ ಕೈಗೆ ಬರುವ ನಿಶ್ಚಿತ ಮೊತ್ತವನ್ನು. ವೇರಿಯಬಲ್, ಒಂದೇ ಸಲ ಕೊಡುವ ಜಾಯಿನಿಂಗ್ ಬೋನಸ್, ಇನ್ಶೂರೆನ್ಸ್ ಪ್ರೀಮಿಯಂ ಎಲ್ಲ ಸೇರಿಸಿ ದೊಡ್ಡದು ಮಾಡಿದ ಸಂಖ್ಯೆಯನ್ನು ಅಲ್ಲ. ಸ್ಟಾರ್ಟಪ್ ಷೇರು ಕೊಡುತ್ತೇವೆ ಅಂದರೆ, ಸಾಮಾನ್ಯವಾಗಿ ಅದು ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮದಾಗುತ್ತೆ, ಮೊದಲ ವರ್ಷ ಮುಗಿಯುವವರೆಗೆ ಸೊನ್ನೆ. ಅದನ್ನು ಲಾಟರಿ ಟಿಕೆಟ್ ಅಂತ ಇಟ್ಟುಕೊಳ್ಳಿ, ಬಾಡಿಗೆ ಕಟ್ಟುವ ದುಡ್ಡು ಅಂತ ಬೇಡ.

ದಾರಿಯ ಸಂಬಳ

ಪೂರ್ವ ಬೆಂಗಳೂರಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಟಿನ್ ಫ್ಯಾಕ್ಟರಿಯಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಎಲ್ಲ ಗೊತ್ತು. ಆದರೂ ಲೆಕ್ಕ ಮಾಡಿದವರು ಕಡಿಮೆ.

ಇಂದಿರಾನಗರದಲ್ಲಿ ಮನೆ. ಒಂದು ಆಫರ್ ವೈಟ್‌ಫೀಲ್ಡ್‌ನಲ್ಲಿ, ಕೈಗೆ 40,000. ಮೆಟ್ರೋ ನೇರಳೆ ಮಾರ್ಗದಲ್ಲಿ ನೇರವಾಗಿ ಹೋಗಬಹುದು (ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ತುಂಡು 2023ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ). ನಡಿಗೆ, ಕಾಯುವುದು ಎಲ್ಲ ಸೇರಿ ದಿನಕ್ಕೆ ಒಂದೂವರೆ ಗಂಟೆ. ಇನ್ನೊಂದು ಆಫರ್ ಸರ್ಜಾಪುರ ರಸ್ತೆಯ ಕಡೆ, ಕೈಗೆ 46,000, ದಿನಕ್ಕೆ ಮೂರೂವರೆ ಗಂಟೆ ಪ್ರಯಾಣ. ತಿಂಗಳಿಗೆ 22 ದಿನ, ದಿನಕ್ಕೆ 9 ಗಂಟೆ ಆಫೀಸು, ಅಂದರೆ 198 ಗಂಟೆ. ಮೊದಲನೆಯದರಲ್ಲಿ ದಾರಿ ಸೇರಿ 231 ಗಂಟೆ, ಗಂಟೆಗೆ 173 ರೂಪಾಯಿ. ಎರಡನೆಯದರಲ್ಲಿ 275 ಗಂಟೆ, ಗಂಟೆಗೆ 167. ಆರು ಸಾವಿರ ಜಾಸ್ತಿ ಇರುವ ಕೆಲಸ ವಾಸ್ತವವಾಗಿ ಅಗ್ಗ! ಅದೇ ಎರಡನೆಯ ಕಂಪನಿ ವಾರಕ್ಕೆ ಮೂರೇ ದಿನ ಬನ್ನಿ ಅಂದರೆ, ತಿಂಗಳಿಗೆ 13 ದಿನ ಓಡಾಟ ಅಂತ ಲೆಕ್ಕ ಹಾಕಿ, ಗಂಟೆಗೆ 189 ಆಗಿ ಮೇಲೆ ಬರುತ್ತೆ. ಹಾಗಾಗಿ "ಎಷ್ಟು ದಿನ ಆಫೀಸಿಗೆ" ಅನ್ನೋದು ಸಂಬಳದಷ್ಟೇ ಮುಖ್ಯವಾದ ಪ್ರಶ್ನೆ, ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಲು ಪ್ರಯತ್ನಿಸಿ. ಮನೆಯನ್ನೇ ಬದಲಿಸುವುದಾದರೆ ಹೊಸ ಮನೆಗೆ ಕಟ್ಟುವ ಅಡ್ವಾನ್ಸ್ ಮೊದಲ ಕೆಲವು ತಿಂಗಳ ಹೈಕನ್ನು ನುಂಗಿಬಿಡುತ್ತೆ.

ವಿಜಯಾ ಬ್ಯಾಂಕಿನ ಎರಡು ಲಕ್ಷ

ಈಗ ಬಾಂಡ್ ವಿಷಯ. ನಮ್ಮ ಬ್ಯಾಚಿನಲ್ಲಿ ಅತಿ ಹೆಚ್ಚು ಭಯ, ಅತಿ ಹೆಚ್ಚು ತಪ್ಪು ಮಾಹಿತಿ ಇರುವುದು ಇಲ್ಲೇ. "ಬಾಂಡ್‌ಗೆ ಕಾನೂನಲ್ಲಿ ಬೆಲೆ ಇಲ್ಲ, ಸೈನ್ ಮಾಡು, ಆಮೇಲೆ ನೋಡ್ಕೊಳ್ಳೋಣ" ಅಂತ ಹೇಳುವವರು ಪ್ರತಿ ಹಾಸ್ಟೆಲ್ಲಿನಲ್ಲೂ ಇದ್ದಾರೆ. ಅವರು ಈ ಕೇಸನ್ನು ಓದಬೇಕು.

ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಹತ್ತಿರ ವಿಜಯಾ ಬ್ಯಾಂಕಿನ ಮುಖ್ಯ ಕಚೇರಿ ಇತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಈ ಬ್ಯಾಂಕು 2006ರಲ್ಲಿ ಅಧಿಕಾರಿಗಳ ನೇಮಕಾತಿಗೆ ಜಾಹೀರಾತು ಕೊಟ್ಟಾಗ ಒಂದು ಷರತ್ತು ಹಾಕಿತ್ತು: ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಸೇರಿದ ಒಬ್ಬ ಅಧಿಕಾರಿ 2009ರ ಜುಲೈನಲ್ಲಿ ರಾಜೀನಾಮೆ ಕೊಟ್ಟು ಐಡಿಬಿಐ ಬ್ಯಾಂಕಿಗೆ ಹೊರಟರು. ಎರಡು ಲಕ್ಷವನ್ನು ಪ್ರತಿಭಟನೆಯೊಂದಿಗೆ ಕಟ್ಟಿ, ಷರತ್ತೇ ಕಾನೂನುಬಾಹಿರ ಅಂತ ಹೈಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಮಾತು ಒಪ್ಪಿತು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ 14ರಂದು ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜಾಯ್‌ಮಾಲ್ಯ ಬಾಗ್ಚಿ ಅವರ ಪೀಠ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಒಂದು ರಾಜೀನಾಮೆ, ಸುಮಾರು ಹದಿನಾರು ವರ್ಷ.

ತೀರ್ಪಿನಲ್ಲಿ ನಾವು ತಿಳಿದುಕೊಳ್ಳಬೇಕಾದ ಎರಡು ಮಾತಿವೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ, ಒಬ್ಬ ವ್ಯಕ್ತಿ ತನ್ನ ವೃತ್ತಿ ಮಾಡದಂತೆ ತಡೆಯುವ ಕರಾರು ಅನೂರ್ಜಿತ ಅನ್ನುತ್ತೆ. "ಕೆಲಸ ಬಿಟ್ಟ ಮೇಲೆ ಎರಡು ವರ್ಷ ನಮ್ಮ ಪ್ರತಿಸ್ಪರ್ಧಿ ಕಂಪನಿ ಸೇರಬಾರದು" ಅನ್ನುವ ಷರತ್ತು ಈ ಕಲಮಿನ ಹೊಡೆತಕ್ಕೆ ಸಿಗುತ್ತೆ. ಆದರೆ ಕೆಲಸದಲ್ಲಿ ಇರುವ ಅವಧಿಗೆ ಸಂಬಂಧಿಸಿದ ಷರತ್ತು, ಅಂದರೆ "ಮೂರು ವರ್ಷ ಇರಿ, ಇಲ್ಲದಿದ್ದರೆ ಇಷ್ಟು ಕಟ್ಟಿ" ಅನ್ನೋದು, 27ನೇ ಕಲಮಿಗೆ ವಿರುದ್ಧ ಅಲ್ಲ ಅಂತ ಕೋರ್ಟು ಹೇಳಿತು. ಎರಡನೆಯದು ಮೊತ್ತದ ವಿಷಯ. ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು, ಬಹಿರಂಗ ಸ್ಪರ್ಧೆ ನಡೆಸಿ ಜನರನ್ನು ತೆಗೆದುಕೊಳ್ಳಬೇಕು, ನಡುವೆ ಬಿಟ್ಟರೆ ಅದಕ್ಕೆ ಖರ್ಚಾಗುತ್ತೆ, ಸೀನಿಯರ್ ಮ್ಯಾನೇಜರ್ ಸಂಬಳದವರಿಗೆ ಎರಡು ಲಕ್ಷ ಅನ್ನೋದು ರಾಜೀನಾಮೆಯನ್ನೇ ಅಸಾಧ್ಯ ಮಾಡುವಷ್ಟು ದೊಡ್ಡದಲ್ಲ ಅಂತ ಕೋರ್ಟು ನೋಡಿತು.

ಈ ಎರಡನೇ ಕಾರಣದಲ್ಲೇ ಫ್ರೆಶರ್‌ಗೆ ಉಸಿರಾಡಲು ಜಾಗ ಇದೆ ಅನ್ನೋದು ನಮ್ಮ ಓದು. ಕೈಗೆ 23,000 ಬರುವವರಿಗೆ ಎರಡು ಲಕ್ಷ ಅಂದರೆ ಎಂಟೂವರೆ ತಿಂಗಳ ಸಂಬಳ. ಅದೇ ಕಾಯ್ದೆಯ 74ನೇ ಕಲಂ, ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಸಿಗುವುದು ಅದಕ್ಕೆ ಮೀರದ ನ್ಯಾಯಯುತ ಪರಿಹಾರ ಮಾತ್ರ ಅನ್ನುತ್ತೆ. ಕಂಪನಿ ನಿಜವಾಗಿ ತರಬೇತಿಗೆ ಖರ್ಚು ಮಾಡಿದೆಯಾ, ಅಥವಾ ಹಳೇ ಪಿಪಿಟಿ ತೋರಿಸಿ ಬೆಂಚಿನಲ್ಲಿ ಕೂರಿಸಿತ್ತಾ ಅನ್ನುವ ಪ್ರಶ್ನೆ ಏಳುತ್ತೆ. ಆದರೆ ಏಳುವುದು ಕೋರ್ಟಿನಲ್ಲಿ, ಸೈನ್ ಮಾಡಿದ ಮೇಲೆ. ಆದ್ದರಿಂದ ಸೈನ್ ಮಾಡುವ ಮುಂಚೆ ಬಾಂಡಿನ ಮೊತ್ತವನ್ನು ನಿಮ್ಮ ತಿಂಗಳ ಕೈಸಂಬಳದಿಂದ ಭಾಗಿಸಿ ನೋಡಿ. ತಿಂಗಳು ಕಳೆದಂತೆ ಮೊತ್ತ ಕಡಿಮೆಯಾಗುತ್ತಾ ಬರುತ್ತಾ ಅಂತ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ಖಾಲಿ ಚೆಕ್ ಕೇಳುವ ಕಂಪನಿಗೆ ನಮ್ಮ ಸಲಹೆ ಒಂದೇ: ಕೈ ಮುಗಿದು ಎದ್ದು ಬನ್ನಿ.

ನೋಟಿಸ್ ಪೀರಿಯಡ್ ಕೂಡ ಒಂದು ಥರದ ಬಾಂಡೇ. 90 ದಿನದ ನೋಟಿಸ್ ಇದ್ದರೆ, 30 ದಿನದಲ್ಲಿ ಬಾ ಅನ್ನುವ ಕಂಪನಿಗಳು ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತವೆ. ಉಳಿದ ದಿನಗಳ ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದಾ, ಲೆಕ್ಕ ಬೇಸಿಕ್ ಮೇಲೋ ಪೂರ್ತಿ ಸಂಬಳದ ಮೇಲೋ ಅನ್ನೋದು ಆಫರ್ ಲೆಟರ್‌ನಲ್ಲೇ ಇರುತ್ತೆ. ಹೊಸ ಕಂಪನಿ ಆ ದುಡ್ಡು ಕೊಟ್ಟರೆ, ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಸಾಲು ಬಹುತೇಕ ಇದ್ದೇ ಇರುತ್ತೆ.

ಹಾಗಾದರೆ ಯಾವಾಗ?

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಮೊದಲ ಕೆಲಸದಲ್ಲಿ ನೀವು ಗಳಿಸುವ ಮುಖ್ಯ ವಸ್ತು ಎರಡನೇ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳುವ ಕೆಲಸ. ಶೇ. 40 ಸಿಕ್ಕವಳಿಗೆ ಅದು ಸಿಕ್ಕಿದ್ದು ಎರಡು ವರ್ಷ ಆದದ್ದಕ್ಕಲ್ಲ, ಆ ಎರಡು ವರ್ಷದಲ್ಲಿ "ಇದನ್ನು ನಾನು ಮಾಡಿದೆ, ಹೀಗೆ ಕೆಟ್ಟಿತ್ತು, ಹೀಗೆ ಸರಿ ಮಾಡಿದೆ" ಅಂತ ಅರ್ಧ ಗಂಟೆ ಮಾತಾಡುವಷ್ಟು ಕೆಲಸ ಕೈಯಲ್ಲಿದ್ದದ್ದಕ್ಕೆ. ಆದ್ದರಿಂದ ಒಳ್ಳೆ ಕೆಲಸ ಸಿಗುತ್ತಿದ್ದರೆ ಮೊದಲ ಒಂದೂವರೆ ವರ್ಷ ಶೇ. 20ಕ್ಕೋಸ್ಕರ ಕದಲಬೇಡಿ. ಟಿಕೆಟ್ ಮುಚ್ಚುವುದು, ಎಕ್ಸೆಲ್ ತುಂಬುವುದು ಬಿಟ್ಟರೆ ಬೇರೇನೂ ಇಲ್ಲದಿದ್ದರೆ ಒಂದು ವರ್ಷಕ್ಕೇ ಹುಡುಕಲು ಶುರು ಮಾಡಿ, ಹೈಕ್ ಸೊನ್ನೆ ಇದ್ದರೂ ಪರವಾಗಿಲ್ಲ. ಮೊದಲು ಒಳಗೇ ಪ್ರಾಜೆಕ್ಟ್ ಬದಲಿಸಲು ಕೇಳಿ ನೋಡಿ. ಇನ್ನೂ ಓದುತ್ತಿರುವವರಿಗೆ ಇದಕ್ಕಿಂತ ಅಗ್ಗದ ದಾರಿ ಇದೆ: ಟಿಸಿಎಸ್‌ನಂಥ ಕಂಪನಿ ಒಂದೇ ಪರೀಕ್ಷೆಯಿಂದ ನಿಂಜಾ, ಡಿಜಿಟಲ್, ಪ್ರೈಮ್ ಅಂತ ಬೇರೆ ಬೇರೆ ದರ್ಜೆಗೆ ಜನ ತೆಗೆದುಕೊಳ್ಳುತ್ತೆ, ಡಿಜಿಟಲ್ ಪ್ಯಾಕೇಜ್ ನಿಂಜಾಕ್ಕಿಂತ ಸುಮಾರು ಎರಡರಷ್ಟು. ಮೂರು ವರ್ಷದ ಹೈಕು ಕೊಡದ್ದನ್ನು ಆರನೇ ಸೆಮಿಸ್ಟರ್‌ನ ನಾಲ್ಕು ತಿಂಗಳ ಕೋಡಿಂಗ್ ಅಭ್ಯಾಸ ಕೊಡಬಲ್ಲದು.

ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರಿಗೆ ಈ ಲೆಕ್ಕ ಸ್ವಲ್ಪ ನಿಧಾನ. ಅಲ್ಲಿ ಕೆಲಸ ಕಲಿಯಲು ಮೂರು ನಾಲ್ಕು ವರ್ಷ ಬೇಕು, ಏರಿಕೆ ತಡವಾಗಿ ಬರುತ್ತೆ. ಎಚ್‌ಎಎಲ್, ಬಿಇಎಂಎಲ್ ಪರೀಕ್ಷೆಗೆ ಓದುವವರು ಮೇಲಿನ ಡಿಎ ಲೆಕ್ಕವನ್ನು ಇನ್ನೊಮ್ಮೆ ನೋಡಿ.

ಬಿಡುವ ದಿನದ ಕಾಗದಗಳು

ಹೊಸ ಆಫರ್ ಲೆಟರ್ ಕೈಗೆ ಬರುವ ಮುಂಚೆ ರಾಜೀನಾಮೆ ಬೇಡ, ಫೋನಿನಲ್ಲಿ ಹೇಳಿದ ಸಂಖ್ಯೆಗೆ ಬೆಲೆ ಇಲ್ಲ. ರಾಜೀನಾಮೆ ಕೊಟ್ಟ ಮೇಲೆ ಹಳೆಯ ಕಂಪನಿ "ನಾವೂ ಅಷ್ಟೇ ಕೊಡ್ತೀವಿ" ಅಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಲಸ ಬದಲಾಗುತ್ತಾ, ಸಂಬಳ ಮಾತ್ರಾನಾ?

ಪಿಎಫ್ ತೆಗೆಯಬೇಡಿ, ಯುಎಎನ್ ನಂಬರ್ ಒಂದೇ ಇಟ್ಟುಕೊಂಡು ಹೊಸ ಕಂಪನಿಗೆ ವರ್ಗಾಯಿಸಿ. 15,000 ಬೇಸಿಕ್‌ಗೆ ಕಂಪನಿಯ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗುತ್ತೆ, ಉಳಿದ 550 ಮತ್ತು ನಿಮ್ಮ 1,800 ಸೇರಿ ತಿಂಗಳಿಗೆ 2,350 ಪಿಎಫ್ ಖಾತೆಗೆ. ಎರಡು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 61 ಸಾವಿರ. ಬೈಕಿಗೆ ಡೌನ್ ಪೇಮೆಂಟ್ ಆಗುವಷ್ಟು, ಆಸೆ ಆಗುತ್ತೆ. 2024-25ರ ಶೇ. 8.25 ಬಡ್ಡಿಯೇ ಉಳಿದರೆ ಅದನ್ನು ಮುಟ್ಟದೆ 30 ವರ್ಷ ಬಿಟ್ಟಾಗ ಆರೂವರೆ ಲಕ್ಷ ಆಗುತ್ತೆ. ಐದು ವರ್ಷದ ಸೇವೆಗೆ ಮುಂಚೆ ತೆಗೆದರೆ ತೆರಿಗೆಯೂ ಬೀಳುತ್ತೆ. ಪಿಂಚಣಿಗೆ ಬೇಕಾದ 10 ವರ್ಷದ ಸೇವೆಯೂ ವರ್ಗಾಯಿಸಿದರೆ ಮಾತ್ರ ಕೂಡಿಕೊಳ್ಳುತ್ತೆ.

ಸ್ವಲ್ಪ ದೊಡ್ಡ ಸಂಬಳಕ್ಕೆ ಹೋದವರಿಗೆ ಇನ್ನೊಂದು ಗುಂಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಡೆ ತಿಂಗಳಿಗೆ 80,000, ಅಕ್ಟೋಬರ್‌ನಿಂದ ಇನ್ನೊಂದು ಕಡೆ 1,40,000 ಅಂದುಕೊಳ್ಳಿ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಎರಡೂ ಕಂಪನಿ ತಮ್ಮ ಪಾಲು ಮಾತ್ರ ನೋಡಿ ಏನೂ ಕಡಿಯೋದಿಲ್ಲ. ಒಟ್ಟು ಆದಾಯ 13.2 ಲಕ್ಷ, ರಿಟರ್ನ್ ಹಾಕುವಾಗ ಒಂದೇ ಸಲ 46,800 ಕಟ್ಟಿ ಅನ್ನುತ್ತೆ, ಮೇಲೆ ಬಡ್ಡಿ. ಸೇರಿದ ದಿನವೇ ಹಳೆಯ ಸಂಬಳದ ವಿವರ ಹೊಸ ಕಂಪನಿಯ ಪೇರೋಲ್‌ನವರಿಗೆ ಕೊಟ್ಟರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಡಿದುಕೊಳ್ಳುತ್ತಾರೆ.

ಹಳೇ ಸಂಬಳವನ್ನಾಗಲಿ ಸೇರಿದ ತಾರೀಖನ್ನಾಗಲಿ ಹೆಚ್ಚು ಕಮ್ಮಿ ಮಾಡಿ ಹೇಳಬೇಡಿ, ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಯುಎಎನ್ ಸೇವಾ ವಿವರದಲ್ಲಿ ತಾರೀಖು ಇರುತ್ತೆ. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಕ್ಷಣ ಕಂಪನಿ ಮೇಲ್ ಬಂದ್ ಆಗುತ್ತೆ. ಅದಕ್ಕೆ ಮುಂಚೆ ಎಲ್ಲ ತಿಂಗಳ ಪೇಸ್ಲಿಪ್, ಆಫರ್ ಲೆಟರ್, ಹೈಕ್ ಲೆಟರ್, ಫಾರ್ಮ್ 16 ನಿಮ್ಮ ಸ್ವಂತ ಮೇಲ್‌ಗೆ ಬಂದಿದೆಯಾ ನೋಡಿಕೊಳ್ಳಿ. ರಿಲೀವಿಂಗ್ ಲೆಟರ್ ಯಾವ ತಾರೀಖಿಗೆ ಕೊಡುತ್ತಾರೆ ಅನ್ನೋದನ್ನು ಎಚ್‌ಆರ್ ಹತ್ತಿರ ಮೇಲ್‌ನಲ್ಲೇ ಬರೆಸಿಕೊಳ್ಳಿ.